ದೀಪ ಹಾಕಿಸಿ, ದೀಪ ತೆಗೆಸಿದವರು

ಅವರು ಹೋದ ಸುದ್ದಿ ನನಗೆ ನವಿ ಪೇಠದ ನಡುರಸ್ತೆಯಲ್ಲಿ ಸಿಕ್ಕಿತು. ಹೇಳಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಈಗ ಅವಳ ತಲೆಯೂ ನರೆತಿದೆ. "ಅಕ್ಕೋರ, ನಮ್ಮೂರ ಸರಪಂಚ ಸಾವಕಾರ ತೀರಿಕೊಂಡ್ರು, ನಿಮಗ ಗೊತ್ತಾತಿಲ್ಲೋ?" ಅಂದಳು. ಗೊತ್ತಿರಲಿಲ್ಲ. ನಾವು ನಿಂತಿದ್ದ ಜಾಗದ ಎದುರಿಗೇ ಒಂದು ಕಾಲದಲ್ಲಿ ಅವರ ಬಟ್ಟೆಬರೆಯ ಅರಿವಿ ಅಂಗಡಿ ಇತ್ತು. ಈಗ ಅಲ್ಲಿ ಚಪ್ಪಲಿ ಮಾರುತ್ತಾರೆ. ಸೊಲ್ಲಾಪುರದ ಬಿಸಿಲಲ್ಲಿ ಅವಳ ಕೈ ಹಿಡಿದುಕೊಂಡು ನಿಂತೆ. ಹಿಂದಿನಿಂದ ಸೈಕಲ್ಲಿನವನೊಬ್ಬ ಮರಾಠಿಯಲ್ಲಿ ಬೈದು ಹೋದ.

ಹೆಸರು ಬರೆಯುವುದಿಲ್ಲ. ತಮ್ಮ ಹೆಸರನ್ನು ಗೋಡೆಯ ಮೇಲೆ, ಕಲ್ಲಿನ ಮೇಲೆ ನೋಡುವುದೆಂದರೆ ಅವರಿಗೆ ಮೈ ಉರಿಯುತ್ತಿತ್ತು. "ಹೆಸರ ಬರಸೂದು ಸತ್ತವರಿಗಿ" ಅನ್ನುತ್ತಿದ್ದರು. ಈಗ ಸತ್ತಿದ್ದಾರಲ್ಲ, ಬರೆಯಬಹುದಲ್ಲ ಎಂದು ನೀವು ಕೇಳಬಹುದು. ಕೇಳಿ. ನಾನು ಬರೆಯುವುದಿಲ್ಲ.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಅವರೂರಿನ ಕನ್ನಡ ಸಾಲೆಗೆ ಶಿಕ್ಷಕಿಯಾಗಿ ಹೋದೆ. ನನ್ನ ತವರು ಅಕ್ಕಲಕೋಟೆ. ಸೊಲ್ಲಾಪುರದಿಂದ ಬರುವಾಗ ವಳಸಂಗ ದಾಟಿದ ಮೇಲೆ ರಸ್ತೆಯಲ್ಲಿ ಒಂದು ಫಾಟಾ, ಅಂದರೆ ಕವಲುದಾರಿ, ಬರುತ್ತದೆ. ಬಸ್ಸು ಅಲ್ಲಿ ಇಳಿಸಿ ಧೂಳೆಬ್ಬಿಸಿ ಹೋದರೆ, ಮುಂದೆ ಊರಿಗೆ ಕಾಲುದಾರಿ. ಸಾಲೆಗೆ ಬರುವ ಆದೇಶಗಳೆಲ್ಲ ಮರಾಠಿಯಲ್ಲಿ, ಪಾಠ ಕನ್ನಡದಲ್ಲಿ, ಮಕ್ಕಳು ಅಳುವುದು ಮಾತ್ರ ಯಾವ ಭಾಷೆಯಲ್ಲೂ ಅಲ್ಲ. ಮದುವೆಯಾಗದ ಹುಡುಗಿ, ಒಬ್ಬಳೇ. ಎಲ್ಲಿರಬೇಕು? ಸಾವಕಾರರ ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಮ್ಮ ಮುಂದಿನ ಖೋಲಿ ಖಾಲಿ ಐತಿ. ಇರ್ರಿ. ಬಾಡಿಗಿ ಕೊಡ್ತೀನಂದ್ರ ಮಾತ್ರ ಹೊರಗ ಹಾಕ್ತೀನಿ" ಅಂದರು. ಊರೆಲ್ಲ ಅವರನ್ನು ಆಯಿ ಅನ್ನುತ್ತಿತ್ತು. ನಾನೂ ಅಂದೆ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಹೊಲವನ್ನೂ ಮಗನನ್ನೂ ಒಂದೇ ಕೈಯಲ್ಲಿ ಬೆಳೆಸಿದ ಹೆಂಗಸು.

ಆ ಮಗ ಬೆಳಗಿನ ಬಸ್ಸಿಗೆ ಸೊಲ್ಲಾಪುರಕ್ಕೆ ಹೋಗಿ ಅಂಗಡಿ ತೆರೆಯುತ್ತಿದ್ದರು, ಸಂಜೆ ಬಸ್ಸಿಗೆ ತಿರುಗಿ ಬರುತ್ತಿದ್ದರು. ಲೆಕ್ಕ ಮರಾಠಿಯಲ್ಲಿ, ಗಿರಾಕಿಯ ಕೂಡ ಚೌಕಾಶಿ ಹಿಂದಿಯಲ್ಲಿ, ಸಿಟ್ಟು ಕನ್ನಡದಲ್ಲಿ. ಸಿಟ್ಟು ಬಹಳ ಇತ್ತು. ಗಂಜಿ ಹಾಕಿ ಇಸ್ತ್ರಿ ಮಾಡಿದ ಟೋಪಿಯ ಮೇಲೆ ಒಂದು ಹನಿ ನೀರು ಬಿದ್ದರೂ ಮನೆಯವರಿಗೆಲ್ಲ ಬೈಗುಳ. ಬಸ್ಸಿನಲ್ಲಿ ಕೂತ ಕೂಡಲೇ ನಿದ್ದೆ. ಕುಂಭಾರಿಯಲ್ಲಿ ಹತ್ತಿದವರ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆದು, ಫಾಟಾ ಬಂದಾಗ ಯಾರೂ ಎಬ್ಬಿಸದಿದ್ದರೂ ತಾವೇ ಎದ್ದು ಇಳಿಯುತ್ತಿದ್ದರು. ಚಹಾ ಕೊಡಿಸುವುದರಲ್ಲಿ ಕೈ ಬಹಳ ಬಿಗಿ. ಇದನ್ನೆಲ್ಲ ಯಾಕೆ ಹೇಳುತ್ತೇನೆಂದರೆ, ಸತ್ತವರನ್ನು ದೇವರು ಮಾಡಿ ಕೂಡಿಸುವುದು ನನಗೆ ಸೇರುವುದಿಲ್ಲ.

ಅವರದೊಂದು ರೂಢಿ ಇತ್ತು. ಹೆಬ್ಬೆಟ್ಟನ್ನೂ ತೋರುಬೆರಳನ್ನೂ ಸದಾ ತಿಕ್ಕುತ್ತಿದ್ದರು, ನಡುವೆ ಅರಿವಿಯ ಅಂಚು ಇದ್ದಂತೆ. ವಿಚಾರ ಮಾಡುವಾಗ ತಿಕ್ಕುವುದು ಜೋರಾಗುತ್ತಿತ್ತು. ಜಿಲ್ಲೆಯಿಂದ ಬಂದ ಸರಕಾರಿ ಕಾಗದವನ್ನು ಸಹ ಓದುವ ಮೊದಲು ಹೀಗೆ ತಿಕ್ಕಿ ನೋಡುತ್ತಿದ್ದರು. ನಾನು ನಕ್ಕರೆ, "ಓದಿದ್ರ ಸುಳ್ಳ ತಿಳಿಯಂಗಿಲ್ಲ ಅಕ್ಕೋರ" ಅಂತ ಅವರೂ ನಗುತ್ತಿದ್ದರು.

ಮೊದಲ ಪಗಾರ ಬಂದಾಗ ಜಂಪರಿನ ಬಟ್ಟೆ ಕೊಳ್ಳಲು ಅವರ ಅಂಗಡಿಗೆ ಹೋದೆ. ಬಸ್ಸಿಗೆ ಹೊತ್ತಾಗಿತ್ತು. ದೂರದಿಂದಲೇ ನೀಲಿ ಬಟ್ಟೆಯ ಒಂದು ತಾನು ತೋರಿಸಿ, "ಅದನ್ನ ಹರಕೊಡ್ರಿ" ಅಂದೆ. ಅವರು ತಾನನ್ನು ನನ್ನ ಮುಂದೆ ಬಿಚ್ಚಿ ಹಾಕಿ ಕೈ ಕಟ್ಟಿಕೊಂಡು ಕೂತರು.

"ಮುಟ್ಟಿ ನೋಡ್ರಿ."

"ಛಲೋ ಐತ್ರಿ. ಹರೀರಿ."

"ಮುಟ್ಟಿ ನೋಡ್ರಿ ಅಕ್ಕೋರ. ಕಣ್ಣ ಒಪ್ಪೂದು ಬ್ಯಾರೆ, ಕೈ ಒಪ್ಪೂದು ಬ್ಯಾರೆ. ಗಿರಾಕಿ ಮುಟ್ಟದ ಅರಿವಿ ನಾ ಹರಿಯಂಗಿಲ್ಲ. ಒಮ್ಮೆ ಹರದ ಮ್ಯಾಲ ಅದು ನಿಮದೂ ಅಲ್ಲ, ನನ್ನದೂ ಅಲ್ಲ."

ಮುಟ್ಟಿದೆ. ಬಿರುಸಾಗಿತ್ತು, ಬೇಡವೆನಿಸಿತು. ಬೇರೆ ತಾನು ತೆಗೆಸಿದೆ. ಬಸ್ಸು ತಪ್ಪಿತು. ಒಂದು ಪೈಸೆಯೂ ಕಡಿಮೆ ಮಾಡಲಿಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ನಾನು ಹೋದ ಮರುವರ್ಷವೋ ಏನೋ ಅವರು ಸರಪಂಚರಾದರು. ಊರಿನ ಎರಡು ಪಾರ್ಟಿಗಳೂ ತಮ್ಮ ತಮ್ಮ ಮನುಷ್ಯನನ್ನು ತರಲಾರದೆ, ಹಗಲೆಲ್ಲ ಊರಲ್ಲೇ ಇರದ ಇವರನ್ನು ಒಪ್ಪಿಕೊಂಡವು. ಉಪಸರಪಂಚರಾಗಿ ಬಂದವರು ದೊಡ್ಡ ಹೊಲಮನೆಯ ಹಿರಿಯರು, ಗಿರಿಜಾ ಮೀಸೆಯವರು. ಚಾವಡಿಯ ಕಟ್ಟೆಯ ಮೇಲೆ ಅವರಿಗೊಂದು ಕಾಯಂ ಜಾಗ. ಗ್ರಾಮಸಭೆ ಎಂದರೆ ಅದೇ ಚಾವಡಿಯಲ್ಲಿ, ಹಿರಿಯರು ಮೇಲೆ, ಉಳಿದವರು ಕೆಳಗೆ. ಹೆಂಗಸರಿಗೆ ಅಲ್ಲಿ ಕೆಲಸವಿಲ್ಲ. ನೀರು ತರುವ ಸೊಸೆಯಂದಿರು ಚಾವಡಿಯ ಮುಂದೆ ಹಾಯದೆ ಹಿಂದಿನ ಓಣಿಯಿಂದ ಸುತ್ತಿ ಹೋಗುತ್ತಿದ್ದರು.

ಸಭೆ ಮುಗಿಸಿ ಬಂದ ದಿನ ಅವರ ಟೋಪಿ ಗೂಟಕ್ಕೆ ಬೀಳುತ್ತಿದ್ದ ರಭಸದಲ್ಲೇ ಏನಾಯಿತೆಂದು ನಮಗೆ ತಿಳಿಯುತ್ತಿತ್ತು. "ಏನ ಕೇಳಿದ್ರೂ 'ನೀವು ಹೇಳಿದಂಗ್ರಿ ಸಾವಕಾರ' ಅಂತಾರವ್ವಾ. ನಾ ಹೇಳಿದಂಗ ಮಾಡೂದಿದ್ರ ಇವರನ್ಯಾಕ ಕರೀಬೇಕು?" ಎಂದು ತಾಯಿಯ ಮುಂದೆ ಕೂಗಾಡುತ್ತಿದ್ದರು. ಆಯಿ ರೊಟ್ಟಿ ಬಡಿಯುತ್ತ, "ಉಣ್ಣು ಮದಲ" ಅನ್ನುತ್ತಿದ್ದರು.

ಊರಿಗೆ ಕರೆಂಟು ಬಂದಾಗ ಓಣಿಗೊಂದು ಕಂಬಕ್ಕೆ ದೀಪ ಹಾಕಲು ಪಂಚಾಯತಿಗೆ ಹಣ ಸಿಕ್ಕಿತು. ಯಾವ ಕಂಬಕ್ಕೆ? ಎಂದಿನಂತೆ ಸಭೆ ಹೂಂ ಅಂದಿತು, ಇವರೇ ಆರಿಸಿದರು. ತಪ್ಪು ಹೇಳುವಂತಿರಲಿಲ್ಲ. ಉಪಸರಪಂಚರ ಮನೆ ಮುಂದೂ ಇಲ್ಲ, ತಮ್ಮ ಮನೆ ಮುಂದೂ ಇಲ್ಲ. ಕೊನೆಯದೊಂದು ದೀಪದ ಬಗ್ಗೆ ಅವರಿಗೆ ಬಹಳ ಹೆಮ್ಮೆ. ಊರ ಹೊರಗೆ, ಫಾಟಾದ ಕಾಲುದಾರಿಗೆ ಹತ್ತಿಕೊಂಡು, ಜಾಲಿ ಗಿಡಗಳ ಒಂದು ಹಿಂಡು ಇತ್ತು. ಆ ಕಾಲದಲ್ಲಿ ಯಾವ ಮನೆಯಲ್ಲೂ, ಸಾವಕಾರರ ಮನೆಯಲ್ಲೂ, ಪಾಯಖಾನೆ ಇರಲಿಲ್ಲ. ಹೆಂಗಸರೆಲ್ಲ ಹೋಗುತ್ತಿದ್ದದ್ದು ಆ ಜಾಲಿಯ ಮರೆಗೆ, ಬೆಳಕು ಹರಿಯುವ ಮುನ್ನ ಒಮ್ಮೆ, ಹೊತ್ತು ಮುಳುಗಿದ ಮೇಲೆ ಒಮ್ಮೆ. "ತಾಯಂದಿರು, ಅಕ್ಕತಂಗ್ಯಾರು ಕತ್ತಲಾಗ ಹೋಗತಾರ. ಹಾವು ಇರತಾವ, ಚೇಳು ಇರತಾವ" ಎಂದು ಅಲ್ಲೊಂದು ದೊಡ್ಡ ಬಲ್ಬು ಹಾಕಿಸಿದರು. ತೆಂಗಿನಕಾಯಿ ಒಡೆದು ಪೇಢೆ ಹಂಚಿದರು. ಅವರು ಪೇಢೆ ಹಂಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಈಗ ನೀವೇ ಹೇಳಿ. ನಮಗೆ ಕತ್ತಲೆಯೇ ಗೋಡೆಯಾಗಿತ್ತು. ಆ ಗೋಡೆಯನ್ನು ಅವರು ಕೆಡವಿಹಾಕಿದರು. ಮರುದಿನ ಸಂಜೆ ಹೋಗಿ ನೋಡಿದರೆ ಜಾಲಿಯ ಹಿಂಡು ಮದುವೆಯ ಹಂದರದಂತೆ ಝಗಝಗ ಅನ್ನುತ್ತಿತ್ತು. ಸೊಲ್ಲಾಪುರದ ಮಿಲ್ಲಿನಿಂದ ಪಾಳಿ ಮುಗಿಸಿ ಬಂದ ಗಂಡಸರು ಫಾಟಾದಲ್ಲಿ ಇಳಿದು ಅದೇ ದಾರಿಯಲ್ಲಿ ಬರುತ್ತಿದ್ದರು. ಎಲ್ಲಿ ಕೂಡಬೇಕು? ಹೆಂಗಸರು ದೂರದ ಹಳ್ಳದ ದಂಡೆಗೆ ಹೋಗತೊಡಗಿದರು. ಪಕ್ಕದ ಮನೆಯ ಬಸುರಿ ಸೊಸೆ ಅಲ್ಲಿ ಕಲ್ಲಿಗೆ ಎಡವಿ ಬಿದ್ದಳು. ದೇವರ ದಯೆ, ಏನೂ ಆಗಲಿಲ್ಲ. ನಾನು ಮಧ್ಯಾಹ್ನದಿಂದ ನೀರು ಕುಡಿಯುವುದನ್ನೇ ಬಿಟ್ಟೆ. ಹೊಟ್ಟೆನೋವು ಶುರುವಾಯಿತು. ಸಿಟ್ಟು ಎಷ್ಟು ಬರುತ್ತಿತ್ತೆಂದರೆ, ಮಕ್ಕಳು ಮಗ್ಗಿ ತಪ್ಪಿದರೆ ವಿನಾಕಾರಣ ಬೈಯುತ್ತಿದ್ದೆ. ಆದರೆ ತಂದೆಯ ವಯಸ್ಸಿನ ಮನೆ ಯಜಮಾನರ ಮುಂದೆ ನಿಂತು, ನಿಮ್ಮ ದೀಪದಿಂದ ನಮಗೆ ಹೀಗಾಗಿದೆ ಎಂದು ಯಾವ ಬಾಯಲ್ಲಿ ಹೇಳಲಿ? ಊರಿನ ಯಾವ ಹೆಂಗಸಿಗೂ ಆ ಬಾಯಿ ಇರಲಿಲ್ಲ.

ಒಂದು ದಿನ ಬಲ್ಬು ಒಡೆಯಿತು. ಹೊಸದು ಹಾಕಿಸಿದರು. ಅದೂ ಒಡೆಯಿತು. ಮತ್ತೆ ಹಾಕಿಸಿದರು. ಮತ್ತೆ ಗಾಜಿನ ಚೂರು. ಸರಪಂಚರು ಕೆಂಡವಾದರು. "ಊರಿಗಿ ಉಪಕಾರ ಮಾಡಬ್ಯಾಡ, ಹೆಣಕ್ಕ ಸಿಂಗಾರ ಮಾಡಬ್ಯಾಡ ಅಂತ ಹಿರ್ಯಾರು ಸುಮ್ಮನ ಅಂದಿಲ್ಲ" ಎಂದು ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗಾಡಿದರು. ಅವರಿಗೆ ಉಪಸರಪಂಚರ ಪಾರ್ಟಿಯ ಮೇಲೆ ಅನುಮಾನ. ಚಾವಡಿಯಲ್ಲಿ ಹೆಸರು ಹೇಳದೆ ಚುಚ್ಚಿ ಅಂದರು, ಉಪಸರಪಂಚರು ಹೆಸರು ಹೇಳಿಸಿಕೊಂಡವರಂತೆ ಎದ್ದು ನಿಂತರು. ಮಾತಿಗೆ ಮಾತು ಬೆಳೆಯಿತು. ಇಬ್ಬರ ಮನೆಗಳ ನಡುವೆ ಹೋಗಿಬರುವುದು ನಿಂತಿತು. ಆಮೇಲೆ ಸರಪಂಚರು ಮಾಡಿದ ಕೆಲಸ ಕೇಳಿ: ಬಲ್ಬು ಒಡೆಯುವ ಕಳ್ಳನನ್ನು ಹಿಡಿಯಲು ಆ ಕಂಬದ ಕೆಳಗೆ, ಸಂಜೆಯಿಂದ ಬೆಳಗಿನವರೆಗೆ, ಕೋಲು ಕೊಟ್ಟು ಒಬ್ಬ ಗಂಡಾಳನ್ನು ಕಾವಲಿಗೆ ಕೂಡಿಸಿದರು.

ಆಯಿಯ ತಾಳ್ಮೆ ಅಲ್ಲಿಗೆ ಮುಗಿಯಿತು.

ಅದು ಅಂಗಡಿಗೆ ರಜೆಯ ದಿನ. ಮಧ್ಯಾಹ್ನ ಉಂಡು ಅವರು ಪಡಸಾಲೆಯಲ್ಲಿ ಗೋಡೆಗೆ ಒರಗಿದ್ದರು. ಆಯಿ ಜೋಳ ಹಸನು ಮಾಡುತ್ತಿದ್ದರು. ನಾನು ನನ್ನ ಖೋಲಿಯ ಹೊಸ್ತಿಲಲ್ಲಿ ಕೂತು ಮಕ್ಕಳ ಪಾಟಿ ತಿದ್ದುತ್ತಿದ್ದೆ.

"ಕಾವಲ ತಗಿ" ಅಂದರು ಆಯಿ, ಜೋಳದಿಂದ ಕಣ್ಣೆತ್ತದೆ.

"ಕಳ್ಳ ಸಿಗೂತನಾ ತಗ್ಯಾಂಗಿಲ್ಲವ್ವಾ."

"ಸಿಕ್ಕಾನ. ನಾನ ಒಡದೀನಿ."

ಅವರು ಎದ್ದು ಕೂತರು. "ನೀನ?"

"ಹೂಂ. ಕವಣಿ ಕಲ್ಲಿಲೆ. ಜ್ವಾಳದ ಹೊಲದಾಗ ಮಂಚಿಕಿ ಮ್ಯಾಲ ನಿಂತು ಗುಬ್ಬಿ ಹೊಡದ ಕೈ ಇದು. ಮದಲಿನ ಸಲ ಕಲ್ಲ ತಪ್ಪಿತು, ಕಣ್ಣ ಮಂಜಾಗ್ಯಾವ. ಆಮ್ಯಾಲ ತಪ್ಪಲಿಲ್ಲ."

ನನಗೆ ನಗು ಬಂತು, ಪಾಟಿಯಿಂದ ಮುಖ ಮುಚ್ಚಿಕೊಂಡೆ. ಅವರು ನಗಲಿಲ್ಲ.

"ಯಾಕವ್ವಾ? ಅದು ನಿಮ್ಮ ಸಲುವಾಗಿ ಹಾಕಿದ್ದಲ್ಲಾ?"

"ನಿನಗ ಹಾವು ಚೇಳು ಕಂಡ್ವು. ಹಾವಿಗಿ ನಾವು ಅಂಜಂಗಿಲ್ಲ, ಕಾಲ ಸಪ್ಪಳ ಮಾಡಿದ್ರ ಹೋಗತಾವ. ಮನಷ್ಯಾರ ಕಣ್ಣ ಹೋಗತಾವೇನ? ಬಸುರಿ ಹೆಣಮಗಳು ಹಳ್ಳದಾಗ ಬಿದ್ದಾಳ. ಈ ಅಕ್ಕೋರು ನೀರ ಕುಡಿಯೂದ ಬಿಟ್ಟಾರ, ಮಾರಿ ನೋಡು ಹ್ಯಾಂಗಾಗೈತಿ. ಒಡೆದು ಒಂದೆರಡ ದಿನ ಕತ್ತಲಿ ಮಾಡಿಕೊಂಡಿವಿ ಅಂದ್ರ, ಈಗ ಕಾವಲ ಬ್ಯಾರೆ ಕೂಡಿಸಿದಿ."

"ನನಗ ಹೇಳಬಾರದಿತ್ತ?"

ಆಯಿ ಮೊರವನ್ನು ಕೆಳಗಿಟ್ಟರು. "ಹಡದ ಮಗನ ಮುಂದ ಇಂಥಾ ಮಾತ ಹ್ಯಾಂಗ ತಗೀಲೋ? ನೀ ಕೇಳಿದ್ದೇನ?"

ಅವರು ನನ್ನ ಕಡೆ ತಿರುಗಿದರು. "ಅಕ್ಕೋರ, ನಿಮಗೂ ಗೊತ್ತಿತ್ತ?"

"ಊರ ಹೆಂಗಸ್ರಿಗೆಲ್ಲ ಗೊತ್ತೈತ್ರಿ" ಅಂದೆ.

ಅವರ ಬೆರಳು ಬಹಳ ಹೊತ್ತು ತಿಕ್ಕುತ್ತಿದ್ದವು. ಕೊನೆಗೆ ತಮ್ಮಷ್ಟಕ್ಕೆ ಅಂದರು: "ಗಿರಾಕಿ ಮುಟ್ಟಿರಲಿಲ್ಲ. ನಾ ಹರದಬಿಟ್ಟೆ."

ಟೋಪಿ ಹಾಕಿಕೊಂಡು ಹೊರಬಿದ್ದರು. ಮೊದಲು ಕಾವಲಿನವನನ್ನು ಮನೆಗೆ ಕಳಿಸಿದರು. ಅಲ್ಲಿಂದ ನೆಟ್ಟಗೆ ಉಪಸರಪಂಚರ ಮನೆಗೆ ಹೋಗಿ, "ಕಳ್ಳ ನಮ್ಮ ಮನ್ಯಾಗ ಸಿಕ್ಕ. ನಿಮ್ಮ ಮ್ಯಾಲ ಅನುಮಾನ ಪಟ್ಟೆ, ತಪ್ಪಾತು" ಎಂದು ಕೈ ಮುಗಿದರಂತೆ. ಮರುದಿನ ಆ ಕಂಬದ ದೀಪ ಇಳಿಸಿದರು. ಊರು ನಕ್ಕಿತು. ಬಸ್ಸಿನಲ್ಲಿ ಜನ ಅವರನ್ನು ತೋರಿಸಿ, ದೀಪ ಹಾಕಿಸಿ ದೀಪ ತೆಗೆಸಿದ ಸರಪಂಚ ಇವರೇ ನೋಡ್ರಿ ಎಂದು ಚೇಷ್ಟೆ ಮಾಡುತ್ತಿದ್ದರು. ಅವರು ಅದಕ್ಕೆ ಸಿಟ್ಟಾಗುತ್ತಿರಲಿಲ್ಲ ಎನ್ನುವುದೇ ನನಗೆ ಸೋಜಿಗ. ಸಾಹೇಬರು ಯಾರಾದರೂ ತಾಲೂಕಿನಿಂದ ಬಂದರೆ ತಾವೇ ಮೊದಲು ಆ ಕತೆ ಹೇಳಿ ನಗಿಸುತ್ತಿದ್ದರು.

ಆದರೆ ದೀಪ ತೆಗೆದ ಮಾತ್ರಕ್ಕೆ ಮುಗಿಯಿತೇ? ಜಾಲಿ ಹಿಂಡು ವರ್ಷದಿಂದ ವರ್ಷಕ್ಕೆ ಸೌದೆಗೆ ಕಡಿದು ತೆಳ್ಳಗಾಗುತ್ತಿತ್ತು. ಆ ಸಲ ದೀಪಾವಳಿಗೆ ಮುಂಚೆ ಪಂಚಾಯತಿಗೆ ಮತ್ತೆ ಸರಕಾರದ ಹಣ ಬಂತು. ಒಂದು ಕೆಲಸಕ್ಕೆ ಸಾಕಾಗುವಷ್ಟು. ಸದಸ್ಯರೆಲ್ಲ ಪಂಚಾಯತಿಗೆ ಸ್ಲ್ಯಾಬಿನ ಆಫೀಸು ಬೇಕು ಅಂದರು. ಇವರಿಗೂ ಅದೇ ಆಸೆ ಇತ್ತು, ನನ್ನ ಮುಂದೆ ಎಷ್ಟೋ ಸಲ ಅಂದಿದ್ದರು. ಆದರೂ ಈ ಸಲ ಹೂಂ ಅನ್ನಲಿಲ್ಲ. ಕೇಳಿ ನೋಡುತ್ತೇನೆ ಅಂದರು. ಯಾರನ್ನು ಎಂದು ಹೇಳಲಿಲ್ಲ.

ಪ್ರತಿ ದೀಪಾವಳಿಗೆ ಅವರು ಅಂಗಡಿಯಿಂದ ಒಂದು ದೊಡ್ಡ ಗಂಟು ಸೀರೆ, ಖಣ ತಂದು ಮನೆಯ ಪಡಸಾಲೆಯಲ್ಲಿ ಹರಡುತ್ತಿದ್ದರು. ಪೇಠಕ್ಕೆ ಹೋಗಲಾರದ ಹೆಂಗಸರು ಅಲ್ಲಿಗೇ ಬಂದು ಕೊಳ್ಳುತ್ತಿದ್ದರು. ಇಡೀ ವರ್ಷದಲ್ಲಿ ಊರಿನ ಹೆಂಗಸರು ಒಬ್ಬ ಗಂಡಸಿಗೆ ಎದುರು ಮಾತಾಡುವ ಜಾಗ ಅದೊಂದೇ. ಬಣ್ಣ ಹೋಗುತ್ತದೆ, ದಡಿ ಸಣ್ಣದು, ಹೋದ ವರ್ಷ ಮೋಸ ಮಾಡಿದಿರಿ. ಅಲ್ಲಿ ಅವರು ಸರಪಂಚರಲ್ಲ, ಅರಿವಿ ಅಂಗಡಿಯವರು.

ಆ ವರ್ಷ ಸೀರೆ ಬಿಚ್ಚುತ್ತಲೇ ಅವರು ಸಹಜವಾಗಿ ಕೇಳಿದರು: "ಪಂಚಾಯತಿಗಿ ರೊಕ್ಕ ಬಂದೈತಿ. ಏನ ಮಾಡೂಣು?"

ಎಲ್ಲರೂ ಸೆರಗು ಮುಂದಕ್ಕೆ ಎಳೆದುಕೊಂಡರು. ಮುಂದೆ ಕೂತಿದ್ದ ಮುದುಕಿಯೊಬ್ಬಳು, "ನಮಗೇನ ತಿಳೀತೈತ್ರಿ ಸಾವಕಾರ. ನೀವು ಹೇಳಿದಂಗ" ಅಂದಳು.

ಅವರು ಅವಳ ಕೈಯಲ್ಲಿದ್ದ ಸೀರೆಯನ್ನು ಮೆಲ್ಲಗೆ ಎಳೆದುಕೊಂಡರು. ಗಂಟಿನ ತಳದಿಂದ ಯಾರೂ ಕೊಳ್ಳದ ಒಂದು ಗಿಳಿಹಸಿರು ಸೀರೆ ತೆಗೆದು ಅವಳ ಉಡಿಗೆ ಹಾಕಿದರು. "ಹಂಗಾರ ಸೀರಿನೂ ನಾ ಹೇಳಿದ್ದ ತಗೋ."

"ಇದನ್ಯಾರ ಉಡತಾರ? ಮಂದಿ ನಗತಾರ. ಒಲ್ಲೆ" ಎಂದು ಅವಳು ಅದನ್ನು ಎತ್ತಿ ಒಗೆದಳು.

"ಸೀರಿ ಒಲ್ಲೆ ಅನ್ನಾಕ ಬರತೈತಿ, ಪಂಚಾಯತಿದು ಅನ್ನಾಕ ಬರಂಗಿಲ್ಲೇನ?"

ಪಡಸಾಲೆಯೆಲ್ಲ ನಕ್ಕಿತು. ನಕ್ಕ ಮೇಲೆ ಬಾಯಿ ಬಿಚ್ಚಿದವು. ಹೆಂಗಸರು ಹೋಗುವ ಜಾಗಕ್ಕೆ ಸುತ್ತ ಗೋಡೆ ಬೇಕು, ಎದೆಯೆತ್ತರಕ್ಕಲ್ಲ, ತಲೆಗಿಂತ ಮೇಲೆ. ಒಳಗೆ ನೀರಿನ ತೊಟ್ಟಿ ಬೇಕು. ಜಾಲಿಯ ಹತ್ತಿರವೇ ಕಟ್ಟಿಸೋಣ ಎಂದು ಇವರು ಅಂದದ್ದೇ ತಡ, ಎಲ್ಲರೂ ಮುಗಿಬಿದ್ದರು. ಗಂಡಸರು ಬರುವ ದಾರಿಯಲ್ಲಿ ಬಾಗಿಲು ಇಡುತ್ತೀರೇನು? ಊರಿನ ಹಿಂದೆ ಕಟ್ಟಿಸಿ. ಒಂದೇ ಸಾಲದು, ಎರಡು ಬೇಕು, ಊರಿನ ಎರಡು ತುದಿಗೆ. ಮುದುಕಿಯರು, ಬಸುರಿಯರು ಅಷ್ಟು ದೂರ ನಡೆಯುತ್ತಾರೇನು? ಅವರು ಎರಡೂ ಕೈ ಎತ್ತಿ ಶರಣೆಂದರು. ಆಮೇಲೆ ಇದ್ದಕ್ಕಿದ್ದಂತೆ ಸುತ್ತ ನೋಡಿ ಕೇಳಿದರು: "ಯಾರ ಬಂದಿಲ್ಲ?"

ಬರದವರು ಕೆಳಗಿನ ಓಣಿಯವರು. ಅವರನ್ನು ಯಾರ ಮನೆಯ ಪಡಸಾಲೆಗೂ ಹತ್ತಗೊಡುತ್ತಿರಲಿಲ್ಲ, ಈ ಮನೆಯ ಪಡಸಾಲೆಗೂ. ಸಾವಕಾರರು ಗಂಟು ಕಟ್ಟಿದರು. ಮರುದಿನ ಅದನ್ನು ಕೆಳಗಿನ ಓಣಿಯ ಬೇವಿನ ಗಿಡದ ಕೆಳಗೆ ಬಿಚ್ಚಿ ಅಲ್ಲಿಯೂ ಏನು ಮಾಡೋಣ ಎಂದು ಕೇಳಿದರು. ಆ ಓಣಿಯ ಕಡೆಗೊಂದು ಗೋಡೆ ಬರಬೇಕೆಂದು ಗಟ್ಟಿಯಾದದ್ದು ಅಲ್ಲಿ. ಅಂದಿನಿಂದ ಸಾವಕಾರರು ಸರಪಂಚರಾಗಿ ಇರುವ ತನಕ ಯಾವ ಸಭೆಯನ್ನೂ 'ಯಾರ ಬಂದಿಲ್ಲ?' ಎಂದು ಕೇಳದೆ ಶುರು ಮಾಡಲಿಲ್ಲವೆಂದು ಕೇಳಿದ್ದೇನೆ. ಕೊಳವೆಬಾವಿ ಎಲ್ಲಿ ಕೊರೆಸಬೇಕು, ಸಾಲೆಗೆ ಯಾವ ಕಡೆ ಕೋಣೆ ಕಟ್ಟಬೇಕು, ಎಲ್ಲದಕ್ಕೂ ಮೊದಲು ಅದೇ. ಬಂದವರಿಗೆ ಚಹಾ ಮಾತ್ರ ಕೊಡಲಿಲ್ಲ.

ಗೋಡೆಗಳು ಎದ್ದವು, ಎರಡೂ. ಒಂದು ಸ್ವಲ್ಪ ಸೊಟ್ಟ. ನಾನು ಅದೇ ಊರಲ್ಲಿ ಇನ್ನೂ ಕೆಲವು ವರ್ಷ ಇದ್ದು, ಹೊಟ್ಟೆ ತುಂಬ ನೀರು ಕುಡಿದು, ಮದುವೆಯಾಗಿ ಸೊಲ್ಲಾಪುರಕ್ಕೆ ಬಂದೆ. ಆದರೆ ಅವರನ್ನು ನೆನೆದಾಗ ನನ್ನ ಕಣ್ಣಿಗೆ ಬರುವುದು ಗೋಡೆಯಲ್ಲ, ಅದನ್ನು ತೀರ್ಮಾನಿಸಿ ಠರಾಯಿಸಿದ ಸಭೆ.

ಯಾಕೆಂದರೆ ಪಡಸಾಲೆಯ ಮಾತು ಪಡಸಾಲೆಗೆ. ಪಂಚಾಯತಿಯ ಕಾಗದಪತ್ರ ನೋಡುವ ಗ್ರಾಮಸೇವಕರು ಒಳ್ಳೆಯ ಮನುಷ್ಯ, ಆದರೆ ಕಾಯದೆಯ ಮನುಷ್ಯ. "ಸಾವಕಾರ, ಠರಾವು ಚಾವಡಿಯೊಳಗ, ಸಭಾದಾಗ ಕೈ ಎತ್ತಿನೇ ಆಗಬೇಕ್ರಿ. ನಾಹೀ ತರ, ಇಲ್ಲಂದ್ರ, ಮಂಜೂರಿ ಸಿಗಂಗಿಲ್ಲ" ಅಂದರು. ಸರಿ, ಚಾವಡಿಗೇ ಬರತಾರ ಎಂದು ಇವರು ಅಂದಾಗ ಉಪಸರಪಂಚರು ಮೀಸೆ ತಿರುವಿದರು. "ಹೆಂಗಸರು ಚಾವಡಿ ಹತ್ತಿದ್ದು ನಮ್ಮಪ್ಪನೂ ನೋಡಿಲ್ಲ. ಬರಲಿ, ನೋಡೂಣ."

ಆಯಿ ಮನೆಮನೆಗೆ ಹೋಗಿ ಎಬ್ಬಿಸಿಕೊಂಡು ಬಂದರು. ಮೇಲಿನ ಓಣಿ, ಕೆಳಗಿನ ಓಣಿ, ಅತ್ತೆಯರು ಮುಂದೆ, ಸೊಸೆಯರು ಹಿಂದೆ, ಸೆರಗು ಹಣೆಯ ಮೇಲೆ. ಚಾವಡಿಯ ಒಂದು ಮಗ್ಗುಲಿಗೆ ಒತ್ತೊತ್ತಾಗಿ ಕೂತರು, ಅವರ ಪಕ್ಕಕ್ಕೆ ನಾನೂ ಕೂತೆ. ಗಂಡಸರು ಇನ್ನೊಂದು ಮಗ್ಗುಲಿಗೆ ಸರಿದರು.

ಉಪಸರಪಂಚರು ಎದ್ದು ಆಫೀಸಿನ ಪರವಾಗಿ ಮಾತಾಡಿದರು. ಹೊಲಸು ಮಾತೇನೂ ಆಡಲಿಲ್ಲ. ಪಂಚಾಯತಿಗೆ ಕೂಡಲು ಜಾಗವಿಲ್ಲ, ಮಳೆಗಾಲದಲ್ಲಿ ಕಾಗದ ತೊಯ್ಯುತ್ತವೆ, ನಾಲ್ಕು ಊರ ಮುಂದೆ ಮರ್ಯಾದೆ. ಎಲ್ಲ ಖರೆ. ಕೊನೆಗೆ, "ಗ್ವಾಡಿ ಬೇಕು ಅನ್ನೂ ಹೆಂಗಸರು ಅಷ್ಟು ಮಂದಿ ಅದಾರಂತ ಸಾವಕಾರ ಅಂತಾರ. ಇದ್ರ ಕೈ ಎತ್ತಲಿ" ಎಂದು ಕೂತರು. ಅವರಿಗೆ ಗೊತ್ತಿತ್ತು. ಎದುರಿಗೆ ಮಾವ ಕೂತಿದ್ದಾನೆ, ಭಾವ ಕೂತಿದ್ದಾನೆ. ಯಾವ ಸೊಸೆ ಕೈ ಎತ್ತುತ್ತಾಳೆ?

ಸರಪಂಚರು ಕೇಳಿದರು. ಒಂದು ಕೈಯೂ ಏಳಲಿಲ್ಲ. ತಲೆಗಳು ಇನ್ನಷ್ಟು ಬಾಗಿದವು. ಈ ದಿನ ಹೋದರೆ ಹೋಯಿತು, ಮತ್ತೆ ಈ ಹೆಂಗಸರು ಈ ಕಟ್ಟೆಯ ಹತ್ತಿರ ಬರುವುದಿಲ್ಲ ಅನಿಸಿ ಕಣ್ಣಲ್ಲಿ ನೀರು ಬಂತು. ಗ್ರಾಮಸೇವಕರು ಬರೆದುಕೊಳ್ಳಲು ಲೆಕ್ಕಣಿಕೆಯ ಮುಚ್ಚಳ ತೆರೆದರು.

"ತಡೀರಿ" ಅಂದರು ಸರಪಂಚರು. ಬೆರಳು ತಿಕ್ಕುತ್ತ ನಿಂತಿದ್ದರು. ನಮ್ಮ ಕಡೆ, ಸೊಸೆಯೊಬ್ಬಳು ಕೊಡ ಹೊತ್ತು ಎದುರಾದರೆ ಮಾನವಂತ ಹಿರಿಯನಾದವನು ತಾನೇ ಗೋಡೆಯ ಕಡೆ ಮುಖ ತಿರುಗಿಸಿ ನಿಲ್ಲುತ್ತಾನೆ, ಅವಳಿಗೆ ಮುಜುಗರವಾಗಬಾರದೆಂದು. "ಹಿರ್ಯಾರ, ಓಣ್ಯಾಗ ನಾವೆಲ್ಲಾ ಮಾಡೂದ ಇಲ್ಲೂ ಮಾಡೂಣು. ಗಂಡಸರೆಲ್ಲಾ ಆ ಕಡಿ ಮಾರಿ ಮಾಡ್ರಿ. ಅಕ್ಕೋರು ಎಣಸತಾರ" ಅಂದರು. ಅಂದು, ಮೊದಲು ತಾವೇ ಚಾವಡಿಯ ಗೋಡೆಗೆ ಮುಖ ಮಾಡಿ ನಿಂತರು.

ಗುಸುಗುಸು ಎದ್ದಿತು. ಯಾರೋ ನಕ್ಕರು. ಎಲ್ಲರೂ ಉಪಸರಪಂಚರನ್ನು ನೋಡುತ್ತಿದ್ದರು. ಅವರು ಒಂದು ಗಳಿಗೆ ಮೀಸೆಯ ಮೇಲೆ ಕೈಯಿಟ್ಟು ಕೂತರು. ಆಮೇಲೆ, ಮಾನವಂತನಲ್ಲ ಎನ್ನಿಸಿಕೊಳ್ಳುವುದು ಅವರಿಂದ ಆಗದ ಮಾತು, ಕಟ್ಟೆಯ ಮೇಲೆಯೇ ತಿರುಗಿ ಕೂತರು. ಅವರ ಹಿಂದೆ ಚಾವಡಿಯ ಗಂಡಸರೆಲ್ಲ ತಿರುಗಿದರು. ಗ್ರಾಮಸೇವಕರೂ ಲೆಕ್ಕಣಿಕೆ ಹಿಡಿದುಕೊಂಡೇ ತಿರುಗಿದರು. ನನ್ನ ಮುಂದೆ ಬರೀ ಬೆನ್ನುಗಳು, ಟೋಪಿಗಳು, ರುಮಾಲುಗಳು.

"ಗ್ವಾಡಿ ಬೇಕನ್ನೂವರು ಕೈ ಎತ್ತರವ್ವಾ" ಅಂದರು ಸರಪಂಚರು, ಗೋಡೆಗೆ.

ಮೊದಲು ಒಂದು ಕಡೆಯಿಂದ, ಆಮೇಲೆ ಎಲ್ಲ ಕಡೆಯಿಂದ ಬಳೆಗಳ ಸಪ್ಪಳ ಬಂತು. ಕೈಗಳು ಮೇಲಕ್ಕೆ ಹೋದಂತೆ ಗಾಜಿನ ಬಳೆಗಳು ಮೊಳಕೈಗೆ ಜಾರುವ ಸಪ್ಪಳ. ಅದು ನಿಲ್ಲಲೇ ಇಲ್ಲ. ಬೆನ್ನುಗಳು ಅಲುಗದೆ ಕೇಳಿದವು.

ಉಪಸರಪಂಚರ ದನಿ ತಗ್ಗಿತ್ತು. "ಅಕ್ಕೋರ, ಎಣಸೂದು ಬ್ಯಾಡ ಬಿಡ್ರಿ. ಕೇಳಿಸ್ತು."

"ಎಣಸ್ರಿ ಅಕ್ಕೋರ" ಅಂದರು ಸರಪಂಚರು, ತಿರುಗದೆ. "ಸಪ್ಪಳ ಮಾಡದ ಕೈನೂ ಅದಾವ."

ಇದ್ದವು. ಮುಂದಿನ ಸಾಲಿನಲ್ಲಿ, ನಡುವೆ, ಕೊನೆಯಲ್ಲಿ, ಬಳೆಯಿಲ್ಲದ ಬೋಳು ಕೈಗಳು ಉಳಿದವರ ಕೈಗಳಷ್ಟೇ ಎತ್ತರಕ್ಕೆ ಎದ್ದಿದ್ದವು. ನಾನು ಆಯಿಯ ಕೈಯಿಂದ ಎಣಿಸಲು ಶುರು ಮಾಡಿದೆ.